ಕಾರ್ಡಿನಲ್ಲಿ ಇಲ್ಲದ ವರ್ಷಗಳು

ಇಂಗ್ಲೆಂಡಿನ ಕೌನ್ಸಿಲ್ ನೌಕರರ ಪೆನ್ಶನ್ ಪತ್ರಿಕೆಗಳಲ್ಲಿ ಬಂದರೆ ಬಹುಮಟ್ಟಿಗೆ ದುಡ್ಡಿನ ಸುದ್ದಿಯಾಗಿಯೇ ಬರುತ್ತದೆ. ಬರದೆ ಏನು? ಇಂಗ್ಲೆಂಡ್, ವೇಲ್ಸ್ ಸೇರಿ 86 ನಿಧಿಗಳು, 60 ಲಕ್ಷಕ್ಕೂ ಹೆಚ್ಚು ಸದಸ್ಯರು, ಮೂವತ್ತು ಸಾವಿರ ಕೋಟಿ ಪೌಂಡಿಗೂ ಮೀರಿದ ಆಸ್ತಿ. ಅದು ತಂಬಾಕಿನ ಕಂಪನಿಯಲ್ಲಿರಬೇಕೋ ಗಾಳಿಯಂತ್ರದಲ್ಲಿರಬೇಕೋ ಎಂದು ಕೌನ್ಸಿಲರುಗಳು ಕಚ್ಚಾಡುತ್ತಾರೆ, ಮಂತ್ರಿಗಳು ಅದರ ಮೇಲೊಂದು ಕಣ್ಣಿಟ್ಟಿರುತ್ತಾರೆ. ನಾನು 1985ರಲ್ಲಿ ಮಿಡ್‌ಲ್ಯಾಂಡ್ಸ್‌ನ ಒಂದು ಕೌಂಟಿ ಕೌನ್ಸಿಲ್ಲಿನ ಪೆನ್ಶನ್ ಸೆಕ್ಷನ್ನಿಗೆ ಗುಮಾಸ್ತೆಯಾಗಿ ಸೇರಿದವಳು. ಅಲ್ಲೇ ರಿಟೈರಾಗಿ, ಈಗ ಸದಸ್ಯರ ಪ್ರತಿನಿಧಿಯಾಗಿ ಅದೇ ನಿಧಿಯ ಪೆನ್ಶನ್ ಬೋರ್ಡಿನಲ್ಲಿ ಕೂರುತ್ತೇನೆ. ಆ ದುಡ್ಡನ್ನು ನಾನು ಕಂಡದ್ದು ವರದಿಯ ಕೊನೆಯ ಸಾಲಿನ ಮೊತ್ತವಾಗಿ ಮಾತ್ರ. ಕೈಯಲ್ಲಿ ಹಿಡಿದದ್ದು ಸದಸ್ಯರ ಸೇವೆ ಬರೆದಿಟ್ಟ ಕಾರ್ಡುಗಳನ್ನು.

ಈ ಸ್ಕೀಮಿನಲ್ಲಿ ಪೆನ್ಶನ್ ಎಷ್ಟು ಎನ್ನುವುದು ಕಾನೂನಿನಲ್ಲಿ ಬರೆದಿಟ್ಟ ಲೆಕ್ಕ. ಷೇರುಪೇಟೆ ಬಿದ್ದರೆ ಕೌನ್ಸಿಲ್ ಕಟ್ಟುವ ಪಾಲು ಏರಬಹುದು. ರಿಟೈರಾದವರ ಕೈಗೆ ಬರುವುದರಲ್ಲಿ ಒಂದು ಪೆನ್ನಿಯೂ ಇಳಿಯದು. ಇಳಿಯುವುದು ಯಾವಾಗ ಎಂದರೆ, ದುಡಿದ ಮೂರು ವರ್ಷ ಎಲ್ಲೂ ದಾಖಲಾಗಿರದಾಗ, ವಾರಕ್ಕೆ 30 ಗಂಟೆ ಎನ್ನುವುದನ್ನು ಯಾರೋ 20 ಎಂದು ಬರೆದಾಗ. ನಮ್ಮಪ್ಪ ಹಾಸನ ಜಿಲ್ಲೆಯ ಒಂದು ಪುರಸಭೆಯಲ್ಲಿ ಕರವಸೂಲಿ ಮಾಡಿಕೊಂಡಿದ್ದವರು. ಅವರ ಎಸ್‌ಆರ್ ಪುಸ್ತಕದಲ್ಲಿ ಬೇರೆ ಊರಿಗೆ ಹಾಕಿದ್ದ ಅವಧಿಯ ಎಂಟ್ರಿ ಆಗಿರಲಿಲ್ಲ. ಅದನ್ನು ಬರೆಸಿಕೊಳ್ಳಲು ಅವರು ಸವೆಸಿದ ಚಪ್ಪಲಿಯ ಕಥೆ ಕರ್ನಾಟಕದ ಯಾವ ನಿವೃತ್ತ ನೌಕರನಿಗೂ ಹೊಸದಲ್ಲ. ಹಾಗಾಗಿ ಇಲ್ಲಿನ ಕೆಲಸ ನನಗೆ ಮೊದಲ ವಾರದಲ್ಲೇ ಪರಿಚಿತವಾಗಿ ಕಂಡಿತು. ಪರಿಚಿತವಾಗದೆ ಉಳಿದದ್ದು ಅದರ ಹಿಂದಿನ ಚರಿತ್ರೆ. ಅದನ್ನು ಆಮೇಲೆ ಓದಿ ತಿಳಿದುಕೊಂಡೆ.

ಬ್ರಿಟನ್ನಿನ ಕೇಂದ್ರ ಸರ್ಕಾರದ ನೌಕರರಿಗೆ ಪೆನ್ಶನ್ ಬೇಗ ಗಟ್ಟಿಯಾಯಿತು. 1834ರ ಕಾಯ್ದೆ, ಅದರ ಮೇಲೆ 1859ರದು: ಸೇವೆ ಮಾಡಿದ ಒಂದೊಂದು ವರ್ಷಕ್ಕೂ ಸಂಬಳದ ಅರವತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ನಲವತ್ತು ಪಾಲು. ಊರಾಡಳಿತದವರನ್ನು ಕೇಳುವವರಿರಲಿಲ್ಲ. ಅವರ ಪೈಕಿ ಮೊದಲು ಬಾಗಿಲು ತೆರೆದದ್ದು ಯಾರಿಗೆ ಎಂದರೆ, ಬಡವರನ್ನು ವರ್ಕ್‌ಹೌಸಿನಲ್ಲಿಟ್ಟು ಗಂಜಿ ಅಳೆದು ಕೊಡುತ್ತಿದ್ದ ಪೂವರ್ ಲಾ ಅಧಿಕಾರಿಗಳಿಗೆ. 1864ರ ಕಾಯ್ದೆಯಂತೆ ವರ್ಕ್‌ಹೌಸ್ ನಡೆಸುತ್ತಿದ್ದ ಗಾರ್ಡಿಯನ್ಸ್ ಮಂಡಳಿ ತನಗೆ ಮನಸ್ಸಾದರೆ ಮುದಿ ಅಧಿಕಾರಿಗೆ ಪೆನ್ಶನ್ ಕೊಡಬಹುದಿತ್ತು. ಮನಸ್ಸಾಗದಿದ್ದರೆ ಇಲ್ಲ. ಆ ಮಂಡಳಿಯನ್ನು ಆರಿಸುತ್ತಿದ್ದವರು ತೆರಿಗೆ ಕಟ್ಟುವವರು. ಕೊಟ್ಟ ಒಂದೊಂದು ಪೆನ್ಶನ್ನೂ ಅವರ ತೆರಿಗೆಯ ಬಿಲ್ಲಿಗೆ ಸೇರುತ್ತಿತ್ತು. ಪೆನ್ಶನ್ ಎನ್ನುವುದು ದುಡಿದವನ ಹಕ್ಕೋ ಮಂಡಳಿಯ ಕೃಪೆಯೋ ಎನ್ನುವ ಪ್ರಶ್ನೆ ಅಂದೇ ಎದ್ದಿತು. ಮೂವತ್ತೆರಡು ವರ್ಷದ ಮೇಲೆ, 1896ರ ಕಾಯ್ದೆ ಅದಕ್ಕೆ ಉತ್ತರ ಕೊಟ್ಟಿತು: ಅಧಿಕಾರಿ ಸಂಬಳದಿಂದ ವಂತಿಗೆ ಕಟ್ಟಬೇಕು, ಮಂಡಳಿ ಪೆನ್ಶನ್ ಕೊಡಲೇಬೇಕು. ವಂತಿಗೆ ಬಂದ ದಿನವೇ ಲೆಡ್ಜರೂ ಬಂತು. ಇಂಥವನು ಇಷ್ಟು ಕಟ್ಟಿದ್ದಾನೆ ಎಂದು ಹೆಸರಿನ ಮುಂದೆ ಬರೆದಿಡಲೇಬೇಕಾಯಿತು. ನಮ್ಮ ಕಸುಬು ಹುಟ್ಟಿದ್ದು ಅಲ್ಲಿ ಎಂದು ನನ್ನ ಲೆಕ್ಕ.

ಟೌನ್ ಹಾಲಿನ ಗುಮಾಸ್ತರು, ಸರ್ವೇಯರುಗಳು, ನೈರ್ಮಲ್ಯದ ಇನ್ಸ್‌ಪೆಕ್ಟರುಗಳಿಗೆ ಬಹುಮಟ್ಟಿಗೆ ಅದೂ ಇರಲಿಲ್ಲ. ಲಿವರ್‌ಪೂಲಿನಲ್ಲಿ ಪುರಸಭೆ ನೌಕರರ ಸಂಘ ಕಟ್ಟಿದ ಹರ್ಬರ್ಟ್ ಬ್ಲೇನ್ ಮುಂದಾಗಿ 1905ರಲ್ಲಿ ನಾಲ್ಗೊ ಎಂಬ ರಾಷ್ಟ್ರೀಯ ಸಂಘ ಹುಟ್ಟಿತು. ಅದರ ಮೊದಲ ದಶಕಗಳ ಮುಖ್ಯ ಬೇಡಿಕೆ ಸಂಬಳವಲ್ಲ, ಪೆನ್ಶನ್. ಕೋಟು ಟೈ ತೊಟ್ಟ ಆ ಗುಮಾಸ್ತರು ಮುಷ್ಕರ ಮಾಡುವ ಜಾತಿಯವರಲ್ಲ. ಅರ್ಜಿ ಬರೆದರು, ಸಂಸತ್ ಸದಸ್ಯರ ಬಾಗಿಲು ತಟ್ಟಿದರು, ಮಸೂದೆ ಬಿದ್ದರೆ ಮತ್ತೊಂದು ಬರೆದರು. 1922ರಲ್ಲಿ ಕಾಯ್ದೆ ಬಂತು. ಆದರೆ ಅದನ್ನು ಒಪ್ಪುವುದು ಬಿಡುವುದು ಆಯಾ ಊರಿನ ಇಷ್ಟ! ಒಂದು ಊರಲ್ಲಿ ಪೆನ್ಶನ್ ಇದೆ, ನದಿ ದಾಟಿದರೆ ಪಕ್ಕದ ಊರಲ್ಲಿ ಇಲ್ಲ. ಒಳ್ಳೆಯ ಹುದ್ದೆ ಸಿಕ್ಕಿತೆಂದು ಊರು ಬದಲಿಸಿದವನ ಹಿಂದಿನ ಸೇವೆ ನೀರಲ್ಲಿ ಹೋಮ. 1937ರ ಕಾಯ್ದೆ ಇದನ್ನು ಸರಿಮಾಡಿ, 1939ರ ಏಪ್ರಿಲ್ 1ರಿಂದ ಎಲ್ಲ ಕೌನ್ಸಿಲ್ಲಿಗೂ ಕಡ್ಡಾಯ ಮಾಡಿತು. ಯುದ್ಧ ಶುರುವಾಗಲು ಐದೇ ತಿಂಗಳಿತ್ತು.

ಕಡ್ಡಾಯವಾದದ್ದು ಅಧಿಕಾರಿಗಳಿಗೆ ಮಾತ್ರ. ರಸ್ತೆ ಗುಡಿಸುವವರು, ಪಾರ್ಕಿನ ಮಾಲಿಗಳು, ಗೋರಿ ತೋಡುವವರು ಕೌನ್ಸಿಲ್ ಮನಸ್ಸು ಮಾಡಿ ಠರಾವು ಪಾಸು ಮಾಡಿದರೆ ಒಳಗೆ. ಅಧಿಕಾರಿ ಸಂಬಳದ ನೂರಕ್ಕೆ 6 ಕಟ್ಟಬೇಕು, ಕೈಕೆಲಸದವರು 5. ಈ ವ್ಯತ್ಯಾಸ ಎಷ್ಟು ಗಟ್ಟಿಯಾಗಿ ಬೇರುಬಿಟ್ಟಿತೆಂದರೆ, ಹೊಸದಾಗಿ ಸೇರುವವರಿಗೆ 1998ರಲ್ಲಿ ಅದು ಹೋದಮೇಲೂ ಹಳೆಯ ಕೈಕೆಲಸದವರು 2008ರವರೆಗೆ 5 ಕಟ್ಟುತ್ತಲೇ ಇದ್ದರು. ಕಡಿಮೆ ಕಟ್ಟುವುದು ಅವರಿಗೆ ಲಾಭವೇ, ನಿಜ. ಆದರೆ ಒಂದೇ ಕೌನ್ಸಿಲ್ಲಿನಲ್ಲಿ ದುಡಿದವರನ್ನು ಎಪ್ಪತ್ತು ವರ್ಷ ಎರಡು ಪಂಕ್ತಿಯಲ್ಲಿ ಕೂರಿಸಿದ ಲೆಕ್ಕವದು. ನಮ್ಮ ಸೆಕ್ಷನ್ನಿನಲ್ಲಿ ಕಾರ್ಡಿನ ಬಣ್ಣವೂ ಬೇರೆ ಬೇರೆ ಇತ್ತು.

ಆ ಕಾರ್ಡಿನ ಬಗ್ಗೆ ಹೇಳಬೇಕು. ಅಂಗೈ ಎರಡನ್ನು ಜೋಡಿಸಿದಷ್ಟು ಅಗಲದ ದಪ್ಪ ರಟ್ಟು, ಎರಡೂ ಬದಿ ಗೆರೆ. ಮೇಲ್ತುದಿಯಲ್ಲಿ ಹೆಸರು, ಹುಟ್ಟಿದ ದಿನ. ಹುಟ್ಟಿನ ಸರ್ಟಿಫಿಕೇಟನ್ನು ಕಣ್ಣಾರೆ ನೋಡಿದ್ದಕ್ಕೆ ಒಂದು ರಬ್ಬರ್ ಮುದ್ರೆ, ಅದರ ಕೆಳಗೆ ನೋಡಿದವರ ಸಹಿ. ಮದುವೆಯಾದರೆ ಇನ್ನೊಂದು ಮುದ್ರೆ. ಕೆಳಗೆ ವರ್ಷಕ್ಕೊಂದು ಸಾಲು: ಮಾರ್ಚ್ 31ಕ್ಕೆ ಸಂಬಳ ಎಷ್ಟು, ವಂತಿಗೆ ಎಷ್ಟು. ಬಲತುದಿಯ ಸಣ್ಣ ಕಾಲಂನಲ್ಲಿ ಸೇವೆ ಕಡಿದುಹೋದ ದಿನಗಳು. ಮುಷ್ಕರದ ದಿನ ಪೆನ್ಶನ್ನಿಗೆ ಲೆಕ್ಕವಿಲ್ಲ. ಬೇಕೆಂದರೆ ಆ ದಿನ ಕಳೆದುಕೊಂಡ ಕೂಲಿಯ ನೂರಕ್ಕೆ 16ರಷ್ಟನ್ನು ಕಟ್ಟಿ ಆಮೇಲೆ ಕೊಂಡುಕೊಳ್ಳಬಹುದಿತ್ತು. 1978–79ರ ಚಳಿಗಾಲದ ಮುಷ್ಕರಗಳ ಗುರುತು ನಾನು ನೋಡಿದ್ದು ಚರಿತ್ರೆಯ ಪುಸ್ತಕಕ್ಕಿಂತ ಮೊದಲು ಆ ಕಾಲಂನಲ್ಲಿ. ನನ್ನ ಮೇಲಧಿಕಾರಿ ಕೆಂಪು ಶಾಯಿಯ ಪೆನ್ನನ್ನು ಯಾರಿಗೂ ಕೊಡುತ್ತಿರಲಿಲ್ಲ. ಕೆಂಪಿನಲ್ಲಿ ತಿದ್ದುವ ಹಕ್ಕು ಒಬ್ಬರಿಗೇ, ತಿದ್ದಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ಕಂಪ್ಯೂಟರು ಬಂದ ಮೇಲೆ ಯಾರು ಯಾವಾಗ ಏಕೆ ತಿದ್ದಿದರು ಎಂದು ಕಂಡುಹಿಡಿಯುವುದು ಅಷ್ಟು ಸುಲಭವಾಗಿ ಉಳಿಯಲಿಲ್ಲ. ಹೀಗೆಂದರೆ ಹುಡುಗರು ಅಜ್ಜಿ ಪುರಾಣ ಎನ್ನುತ್ತಾರೆ. ಎನ್ನಲಿ.

ಹೆಂಗಸರ ಕಾರ್ಡುಗಳು ತೆಳುವಾಗಿದ್ದವು. ಐದಾರು ಸಾಲು, ಅಷ್ಟರಲ್ಲಿ ಅಡ್ಡಲಾಗಿ ‘ರಿಫಂಡ್’ ಎಂಬ ಮುದ್ರೆ. ಮದುವೆಗೋ ಬಾಣಂತನಕ್ಕೋ ಕೆಲಸ ಬಿಟ್ಟವರಿಗೆ ಕಟ್ಟಿದ ವಂತಿಗೆ ವಾಪಸು ಕೊಟ್ಟು ಕೈತೊಳೆದುಕೊಳ್ಳುವುದು ಹಳೆಯ ಪದ್ಧತಿ. 1975ರ ಏಪ್ರಿಲ್‌ನಿಂದ 26 ವಯಸ್ಸು ದಾಟಿ ಐದು ವರ್ಷ ಸೇವೆ ಆಗಿದ್ದವರ ಪೆನ್ಶನ್ನನ್ನು ಕಾಯ್ದಿಡಬೇಕು ಎಂದು ಕಾನೂನಾಯಿತು. ಅದಕ್ಕೂ ಹಿಂದಿನವರ ಹತ್ತಾರು ವರ್ಷ ಒಂದು ಚೆಕ್ಕಿನಲ್ಲಿ ಅಳಿಸಿಹೋಗಿತ್ತು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಅವರೇ ಮತ್ತೆ ಕೌನ್ಸಿಲ್ಲಿಗೆ ಬರುತ್ತಿದ್ದರು, ಶಾಲೆಯ ಅಡುಗೆಮನೆಗೆ, ಸಂಜೆ ಆಫೀಸು ಒರೆಸುವುದಕ್ಕೆ, ಮುದುಕರ ಮನೆಗೆ ಹೋಗಿ ಸ್ನಾನ ಮಾಡಿಸುವುದಕ್ಕೆ. ಅರೆಕಾಲಿಕ ಕೆಲಸ, ಆದ್ದರಿಂದ ಕಾರ್ಡೇ ಇಲ್ಲ. ನಾನು ಸೇರಿದ ಮರುವರ್ಷ, 1986ರಲ್ಲಿ, ವಾರಕ್ಕೆ 15 ಗಂಟೆ ದುಡಿಯುವವರಿಗೆ ಅವಕಾಶ ಕೊಟ್ಟರು. ಶಾಲೆಯ ಊಟ ಬಡಿಸುವ ಕೆಲಸ ದಿನಕ್ಕೆ ಎರಡು ಗಂಟೆಯದು, ವಾರಕ್ಕೆ ಹತ್ತು. ಅವರು ಹೊರಗೇ. 1993ರಲ್ಲಿ ಗಂಟೆಯ ಕಟ್ಟುಪಾಡು ಹೋಯಿತು.

ಕಳೆದುಹೋದ ವರ್ಷಗಳ ಗತಿ? ಅರೆಕಾಲಿಕರನ್ನು ಹೊರಗಿಟ್ಟರೆ ಅದು ಹೆಂಗಸರನ್ನು ಹೊರಗಿಟ್ಟ ಹಾಗೆ ಎಂದು ಯೂರೋಪಿನ ನ್ಯಾಯಾಲಯ 1994ರಲ್ಲಿ ಒಪ್ಪಿತು. ಸಾವಿರಾರು ಹೆಂಗಸರು ದಾವೆ ಹೂಡಿದರು. ಅವರ ಪರವಾಗಿ ಹೆಸರಾದ ಪ್ರೆಸ್ಟನ್ ಮೊಕದ್ದಮೆ ವುಲ್ವರ್‌ಹ್ಯಾಂಪ್ಟನ್ನಿನ ಆರೋಗ್ಯಸೇವೆಯ ಟ್ರಸ್ಟಿನಿಂದ ಹೊರಟು, ಲಕ್ಸಂಬರ್ಗಿನ ಅದೇ ಯೂರೋಪಿನ ನ್ಯಾಯಾಲಯ ಕಂಡು, 2001ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮುಗಿಯಿತು. 1976ರ ಏಪ್ರಿಲ್ 8ರವರೆಗೆ ಹಿಂದಕ್ಕೆ ಹೋಗಿ ಸೇವೆಯನ್ನು ಕೇಳಬಹುದು, ಆ ವರ್ಷಗಳ ವಂತಿಗೆಯನ್ನು ಈಗ ಕಟ್ಟಬೇಕು, ಕೆಲಸ ಬಿಟ್ಟ ಆರು ತಿಂಗಳೊಳಗೆ ದಾವೆ ಹಾಕಿರಬೇಕು. ಗೆದ್ದರು, ಸರಿ. ನಮ್ಮ ಕೌಂಟರಿಗೆ ಬಂದಾಗ ಅವರಿಗೆ ಬೇಕಾಗಿದ್ದದ್ದು ರುಜುವಾತು. ಇಪ್ಪತ್ತು ವರ್ಷದ ಹಿಂದೆ ವಾರಕ್ಕೆ ಎಷ್ಟು ಗಂಟೆ ಎಂದು ಕೌನ್ಸಿಲ್ಲಿನ ಬಳಿ ಕಾಗದವಿಲ್ಲ, ಸಂಬಳದ ಪಟ್ಟಿಗಳನ್ನು ಯಾವಾಗಲೋ ವಿಲೇವಾರಿ ಮಾಡಿಯಾಗಿತ್ತು. ಕಾಗದ ಇದ್ದದ್ದು ಆ ಹೆಂಗಸರ ಮನೆಯಲ್ಲಿ. ಶಾಲೆಯೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬಾಕೆ ತಗಡಿನ ಡಬ್ಬಿ ತೆರೆದಳು. ಬೆರಳಗಲದ ಸಂಬಳದ ಚೀಟಿಗಳು, ವಾರವಾರದ್ದೂ, ವರ್ಷಕ್ಕೊಂದು ಕಟ್ಟು, ಕಟ್ಟಿಗೊಂದು ಉಣ್ಣೆದಾರ. ತೊಳೆದ ಕೈಯಲ್ಲೇ ಎಣಿಸಿಟ್ಟಿರಬೇಕು, ಮೂಲೆಗಳಲ್ಲಿ ನೀರಿನ ಕಲೆ. ಅವಳ ಪೆನ್ಶನ್ ದಾಖಲೆಯನ್ನು ಅಷ್ಟು ವರ್ಷ ಕಾದವಳು ಅವಳೇ. ನಾವು ನಕಲು ತೆಗೆದುಕೊಂಡೆವು.

ಇಷ್ಟೆಲ್ಲ ನಡೆಯುತ್ತಿದ್ದಾಗ ಮೇಲ್ವಿಚಾರಣೆ ಯಾರದು? ಕೌನ್ಸಿಲರುಗಳ ಸೂಪರ್‌ಆನ್ಯುಯೇಶನ್ ಉಪಸಮಿತಿಯದು. ಸಭೆಗೆ ವರದಿ ಹೊತ್ತು ಹೋಗುತ್ತಿದ್ದವಳು ನಾನು, ಹಾಗಾಗಿ ಹೇಳಬಲ್ಲೆ: ಲಂಡನ್ನಿನಿಂದ ಬಂದ ಹೂಡಿಕೆ ಮ್ಯಾನೇಜರುಗಳಿಗೆ ಬೆಳಗ್ಗೆ ಪೂರ್ತಿ, ಊಟದ ಮೇಲೆ ಆಕ್ಚುಅರಿ, ಚಹಾದ ಹೊತ್ತಿಗೆ ನಮ್ಮ ಎರಡು ಪುಟ. ‘ನೋಟೆಡ್’ ಎಂದು ಬರೆದುಕೊಂಡು ಎದ್ದುಬಿಡುತ್ತಿದ್ದರು. ದುಡ್ಡಿನ ಮೇಲ್ವಿಚಾರಣೆಯಾದರೂ ಚೆನ್ನಾಗಿತ್ತೇ ಎಂದರೆ, ಅದೂ ರಾಜಕೀಯದ ಕೈಗೆ ಸಿಕ್ಕ ಕಾಲವಿತ್ತು. ತಲೆಗಿಷ್ಟು ಎಂದು ಹಾಕಿದ ಸ್ಥಳೀಯ ತೆರಿಗೆ, ಪೋಲ್ ಟ್ಯಾಕ್ಸ್, ಬಂದ ದಿನಗಳಲ್ಲಿ ಬಿಲ್ಲು ತುಂಬಾ ದೊಡ್ಡದಾಗಿ ಕಾಣಬಾರದೆಂದು, ನಿಧಿಯಲ್ಲಿ ಹೊಣೆಯ ನೂರಕ್ಕೆ 75ರಷ್ಟು ಆಸ್ತಿಯಿದ್ದರೆ ಸಾಕು ಎಂದು ಸರ್ಕಾರವೇ ನಿಯಮ ಸಡಿಲಿಸಿತು. ಕೌನ್ಸಿಲ್‌ಗಳು ತಮ್ಮ ಪಾಲು ಕಡಿಮೆ ಮಾಡಿಕೊಂಡವು. ಆ ಗುಂಡಿ ತುಂಬಲು ಆಮೇಲೆ ಎಷ್ಟು ವರ್ಷ ಹಿಡಿಯಿತೆಂದು ಪ್ರತಿ ಮೂರು ವರ್ಷದ ಮೌಲ್ಯಮಾಪನ ನೆನಪಿಸುತ್ತಿತ್ತು. 1991ರಲ್ಲಿ ಪತ್ರಿಕೆಗಳ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ಸಮುದ್ರದಲ್ಲಿ ಸತ್ತು, ಅವನ ಕಂಪನಿಗಳ ಪೆನ್ಶನ್ ನಿಧಿ ಬರಿದಾಗಿದ್ದು ಬಯಲಾದಾಗ ದೇಶವೇ ಬೆಚ್ಚಿತು. 1995ರ ಪೆನ್ಶನ್ ಕಾಯ್ದೆ ಅದರ ಫಲ. ಆದರೆ ಅದರಲ್ಲಿ ಸದಸ್ಯರಿಗೆ ಕೊಟ್ಟ ಟ್ರಸ್ಟಿ ಸ್ಥಾನ ಖಾಸಗಿ ಕಂಪನಿಗಳ ನಿಧಿಗಳಿಗೆ. ನಮ್ಮದು ಟ್ರಸ್ಟಲ್ಲ, ಕಾನೂನಿನ ಸ್ಕೀಮು. ಇಲ್ಲಿ ಕೌನ್ಸಿಲರ್ ಕೂರುತ್ತಿದ್ದದ್ದು ಮತದಾರ ಕಳಿಸಿದ್ದರಿಂದ.

ಇನ್ನೊಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ. 1986ರಲ್ಲಿ ಮೆಟ್ರೋಪಾಲಿಟನ್ ಕೌಂಟಿಗಳನ್ನು ರದ್ದು ಮಾಡಿದಾಗ ಅವುಗಳಲ್ಲಿ ಹೆಚ್ಚಿನವುಗಳ ನಿಧಿಗಳನ್ನು ಒಂದೊಂದು ಕೌನ್ಸಿಲ್ಲಿನ ತಲೆಗೆ ಕಟ್ಟಿದರು. ಬರ್ಮಿಂಗ್‌ಹ್ಯಾಮಿನಂಥ ಮಹಾನಗರದ ನೌಕರರ ಪೆನ್ಶನ್ ನೋಡಿಕೊಳ್ಳುವುದು ವುಲ್ವರ್‌ಹ್ಯಾಂಪ್ಟನ್, ಮ್ಯಾಂಚೆಸ್ಟರಿನದು ಟೇಮ್‌ಸೈಡ್, ಲೀಡ್ಸ್‌ನದು ಬ್ರಾಡ್‌ಫರ್ಡ್. ಪುಟ್ಟ ಕೌನ್ಸಿಲ್‌ಗಳು ಈ ಕೆಲಸದಲ್ಲಿ ಪಳಗಿ ದೊಡ್ಡ ಹೆಸರು ಮಾಡಿದವು.

ಮೇಲ್ವಿಚಾರಣೆಯಲ್ಲಿ ಬದಲಾವಣೆ ಬಂದದ್ದು ಸಾರ್ವಜನಿಕ ನೌಕರರ ಪೆನ್ಶನ್ ಕುರಿತ ಲಾರ್ಡ್ ಹಟನ್ನರ 2011ರ ವರದಿಯಿಂದ. ಜನ ನೆನಪಿಟ್ಟಿರುವುದು ಅದರ ಲೆಕ್ಕದ ಭಾಗ: ಕೊನೆಯ ಸಂಬಳದ ಬದಲು ಇಡೀ ವೃತ್ತಿಯ ಸರಾಸರಿ, 2014ರ ಏಪ್ರಿಲ್‌ನಿಂದ ವರ್ಷಕ್ಕೆ ಸಂಬಳದ ನಲವತ್ತೊಂಬತ್ತರಲ್ಲಿ ಒಂದು ಪಾಲು. ನನಗೆ ಮುಖ್ಯವಾಗಿ ಕಂಡದ್ದು 2013ರ ಪಬ್ಲಿಕ್ ಸರ್ವೀಸ್ ಪೆನ್ಶನ್ಸ್ ಕಾಯ್ದೆಯ ಐದನೇ ಸೆಕ್ಷನ್ನು. ಪ್ರತಿ ನಿಧಿಗೂ ಒಂದು ಸ್ಥಳೀಯ ಪೆನ್ಶನ್ ಬೋರ್ಡ್, ಅದರಲ್ಲಿ ಕೆಲಸ ಕೊಡುವವರ ಕಡೆಯವರೂ ಸದಸ್ಯರ ಕಡೆಯವರೂ ಸಮಸಮ. 2015ರ ಏಪ್ರಿಲ್‌ನಲ್ಲಿ ಬೋರ್ಡುಗಳು ಕೂತವು, ಬ್ರೈಟನ್ನಿನ ಪೆನ್ಶನ್ಸ್ ರೆಗ್ಯುಲೇಟರ್ ಸಂಸ್ಥೆ ಆಡಳಿತದ ಮೇಲೆ ಕಣ್ಣಿಟ್ಟಿತು. ಬೋರ್ಡಿಗೆ ಒಂದು ಷೇರು ಮಾರುವ ಅಧಿಕಾರವೂ ಇಲ್ಲ. ಇರುವುದು ಪ್ರಶ್ನೆ ಕೇಳುವ ಹಕ್ಕು, ಕಾನೂನು ಮುರಿದಿದ್ದು ಕಂಡರೆ ರೆಗ್ಯುಲೇಟರಿಗೆ ಬರೆಯುವ ಹೊಣೆ. ನಿಯಮಗಳನ್ನು ಓದಿ ತಿಳಿದಿರಬೇಕೆಂದು ಬೋರ್ಡಿನ ಸದಸ್ಯರಿಗೆ ಕಾನೂನೇ ಹೇಳುತ್ತದೆ. ಕೋಟಿ ಕೋಟಿ ಹೂಡುವ ಸಮಿತಿಯ ಕೌನ್ಸಿಲರುಗಳಿಗೆ ಅದೇ ಕಾಯ್ದೆ ಆ ಮಾತು ಹೇಳಲಿಲ್ಲ! 2017ರಲ್ಲಿ ಲಂಡನ್ನಿನ ಒಂದು ಬರೋ ವಾರ್ಷಿಕ ಮಾಹಿತಿ ಸಲ್ಲಿಸದ ತಪ್ಪಿಗೆ 1,000 ಪೌಂಡ್ ದಂಡ ತೆತ್ತಿತು. ಮೊತ್ತ ಚಿಲ್ಲರೆ. ಆದರೆ ಆ ಸುದ್ದಿ ಬಂದ ವಾರ ನಮ್ಮ ಮುಖ್ಯಸ್ಥರು ತಾವಾಗಿಯೇ ಸೆಕ್ಷನ್ನಿಗೆ ಬಂದು ಬಾಕಿ ಎಷ್ಟಿದೆ ಎಂದು ಕೇಳಿದರು.

ಬೋರ್ಡಿನಲ್ಲಿ ನಾನು ಕೇಳುವುದೂ ಅದನ್ನೇ. ವಾರ್ಷಿಕ ಸ್ಟೇಟ್‌ಮೆಂಟ್ ಆಗಸ್ಟ್ 31ರೊಳಗೆ ಎಷ್ಟು ಜನರಿಗೆ ಹೋಗಲಿಲ್ಲ? ಸಾವಿನ ಸುದ್ದಿ ಬಂದ ಮೇಲೆ ಗಂಡನಿಗೋ ಹೆಂಡತಿಗೋ ಮೊದಲ ಕಾಗದ ಹೋಗಲು ಎಷ್ಟು ದಿನ? ಸ್ಟೇಟಸ್ 2 ಎಷ್ಟು? ಕಂಪ್ಯೂಟರಿನಲ್ಲಿ ಸ್ಟೇಟಸ್ 1 ಎಂದರೆ ಕೆಲಸದಲ್ಲಿರುವವರು, 4 ಎಂದರೆ ಬಿಟ್ಟುಹೋಗಿ ಪೆನ್ಶನ್ ಮುಂದಕ್ಕೆ ಇಟ್ಟವರು, 5 ಪೆನ್ಶನ್ ತಿನ್ನುವವರು. 2 ಎಂದರೆ ಕೆಲಸ ಬಿಟ್ಟಿದ್ದಾರೆ, ಆದರೆ ಅವರನ್ನು ಏನು ಮಾಡಬೇಕೆಂದು ಇನ್ನೂ ಯಾರೂ ತೀರ್ಮಾನಿಸಿಲ್ಲ. ಹೊಣೆಯೂ ಇಲ್ಲದ ಹಕ್ಕೂ ಇಲ್ಲದ ತ್ರಿಶಂಕುಗಳು. ಯಾವ ನಿಧಿಯ ಆಡಳಿತ ಹೇಗಿದೆ ಎಂದು ತಿಳಿಯಲು ನನಗೆ ಆ ಒಂದು ಸಂಖ್ಯೆ ಸಾಕು. 2010ರ ಕಾಯ್ದೆಯಿಂದ ಶಾಲೆಗಳು ಅಕಾಡೆಮಿಗಳಾಗಿ ಕೌನ್ಸಿಲ್ಲಿನಿಂದ ಕಳಚಿಕೊಂಡ ಮೇಲೆ ಅದು ಏರುತ್ತಲೇ ಹೋಯಿತು. ಮೊದಲು ಒಂದು ಸಂಬಳ ವಿಭಾಗದಿಂದ ಬರುತ್ತಿದ್ದ ಮಾಹಿತಿ ಈಗ ನೂರು ಕಡೆಯಿಂದ, ನೂರು ನಮೂನೆಯಲ್ಲಿ ಬರಬೇಕು.

ಅದರ ಬೆಲೆ ಗೊತ್ತಾದದ್ದು ಮ್ಯಾಕ್‌ಕ್ಲೌಡ್ ತೀರ್ಪಿನಲ್ಲಿ. ಸರಾಸರಿಯ ಲೆಕ್ಕಕ್ಕೆ ಬದಲಾದಾಗ ವಯಸ್ಸಾದವರನ್ನು ಮಾತ್ರ ಹಳೆಯ ಲೆಕ್ಕದಲ್ಲಿ ಕಾಪಾಡಿದ್ದು ವಯಸ್ಸಿನ ತಾರತಮ್ಯ ಎಂದು 2018ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನ್ಯಾಯಾಧೀಶರು ಮತ್ತು ಅಗ್ನಿಶಾಮಕ ದಳದವರ ಮೊಕದ್ದಮೆಯದು, ಹೊರೆ ಎಲ್ಲ ಸ್ಕೀಮುಗಳಿಗೆ. 2014ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಒಬ್ಬೊಬ್ಬರ ಗಂಟೆಯೂ ಯಾವ ದಿನ ಎಷ್ಟಕ್ಕೆ ಬದಲಾಯಿತು ಎಂದು ಹಿಂದಕ್ಕೆ ಹೋಗಿ ಕಲೆಹಾಕಬೇಕಾಯಿತು. ಹೊಸ ಸರಾಸರಿ ಲೆಕ್ಕಕ್ಕೆ ಗಂಟೆ ಬೇಕಿಲ್ಲವೆಂದು ಎಷ್ಟೋ ಕಡೆ ಅದನ್ನು ಬರೆದಿಡುವುದನ್ನೇ ಬಿಟ್ಟಿದ್ದರು. ಶಾಲೆಗೆ ಕೇಳಿದರೆ ಸಂಬಳದ ಗುತ್ತಿಗೆ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಆ ಕಂಪನಿ ಗುತ್ತಿಗೆ ಮುಗಿಸಿ ಹೋಗಿ ಯಾವ ಕಾಲವಾಗಿದೆ. ಉಣ್ಣೆದಾರದ ಕಟ್ಟಿನ ಹೆಂಗಸು ಈಗಿನವರಲ್ಲಿ ಎಲ್ಲಿ ಸಿಗಬೇಕು, ಸಂಬಳದ ಚೀಟಿಯೇ ಫೋನಿನಲ್ಲಿ ಬಂದು ಫೋನಿನಲ್ಲಿ ಹೋಗುತ್ತದೆ.

ಈ ನಿಧಿಯ ಪೆನ್ಶನ್ ಪಡೆಯುವವರು ಧಾರವಾಡದಲ್ಲೂ ಮೈಸೂರಲ್ಲೂ ಇದ್ದಾರೆ. ಇಲ್ಲಿ ಲೈಬ್ರರಿಯಲ್ಲೋ ಸೋಶಿಯಲ್ ಸರ್ವೀಸಿನಲ್ಲೋ ದುಡಿದು ಊರಿಗೆ ಹಿಂದಿರುಗಿದವರು. ಬ್ರಿಟನ್ನಿನಲ್ಲೇ ಇರುವವರ ಸಾವನ್ನು ಸರ್ಕಾರಿ ಪಟ್ಟಿಗಳ ಜೊತೆ ತಾಳೆ ನೋಡಿ ಕಂಡುಹಿಡಿಯುತ್ತಾರೆ, ಹೊರದೇಶದವರಿಗೆ ಮಾತ್ರ ಜೀವಂತವಿದ್ದೇನೆಂಬ ಸರ್ಟಿಫಿಕೇಟ್ ಕಳಿಸುತ್ತಾರೆ. ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಂತು ಗೊತ್ತಿರುವ ನಮ್ಮವರಿಗೆ ಇದು ವಿಶೇಷವಲ್ಲ, ತೊಡಕಾಗುವುದು ಹೆಸರು. ಕಾರ್ಡು ಬರೆದ ಗುಮಾಸ್ತ 1970ರ ದಶಕದಲ್ಲಿ ‘ಎಚ್.ಎಸ್.’ ಎಂಬ ಇನಿಶಿಯಲ್ಲನ್ನು ಬಿಡಿಸಿ, ಊರಿನ ಹೆಸರನ್ನು ಮೊದಲ ಹೆಸರು ಮಾಡಿ, ಅಪ್ಪನ ಹೆಸರನ್ನು ನಡುವೆ ತುರುಕಿ, ಮನುಷ್ಯನ ಸ್ವಂತ ಹೆಸರನ್ನು ಮನೆತನದ ಹೆಸರಾಗಿಸಿದ್ದ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಮತ್ತೊಂದು. ಸಾಕ್ಷಿ ಹಾಕಿದ ಬ್ಯಾಂಕ್ ಮ್ಯಾನೇಜರು ಮೂರನೆಯ ಬಗೆಯಲ್ಲಿ ಬರೆದು ಸೀಲು ಒತ್ತುತ್ತಾರೆ.

ಈಗ ರಾಷ್ಟ್ರೀಯ ಪೆನ್ಶನ್ ಡ್ಯಾಶ್‌ಬೋರ್ಡಿನ ಸರದಿ. ಸಾರ್ವಜನಿಕ ಸ್ಕೀಮುಗಳು ಸೇರಿಕೊಳ್ಳಲು ಕೊಟ್ಟಿದ್ದ ಗಡುವು 2025ರ ಅಕ್ಟೋಬರ್ 31. ಒಬ್ಬನ ಪೆನ್ಶನ್ ಎಲ್ಲೆಲ್ಲಿದೆ ಎಂದು ಒಂದೇ ಪರದೆಯಲ್ಲಿ ತೋರಿಸುವ ಯಂತ್ರ ಮುಖ್ಯವಾಗಿ ತಾಳೆ ನೋಡುವುದು ಮನೆತನದ ಹೆಸರು, ಹುಟ್ಟಿದ ದಿನ, ನ್ಯಾಶನಲ್ ಇನ್ಶುರೆನ್ಸ್ ನಂಬರನ್ನು. ನಮ್ಮ ನಿಧಿಯಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಬರೀ ಇನಿಶಿಯಲ್ ಇರುವ ದಾಖಲೆ ಎಷ್ಟಿವೆ, ತಾಳೆಯಾಗದಿದ್ದರೆ ಅವರಿಗೆ ಬರೆದು ಕೇಳುವವರು ಯಾರು ಎಂದು ನಾನು ಬೋರ್ಡಿನಲ್ಲಿ ಲಿಖಿತ ಪ್ರಶ್ನೆ ಇಟ್ಟಿದ್ದೇನೆ. ದಾಖಲೆಗಳನ್ನು ಆ ರೀತಿ ಯಾರೂ ಎಣಿಸಿಲ್ಲ ಎಂದು ಅಧಿಕಾರಿಗಳು ಹೇಳಿದರು. ಎಣಿಸಿ ಮುಂದಿನ ಸಭೆಗೆ ತರಬೇಕೆಂದು ನಿರ್ಣಯವಾಗಿದೆ. ಈ ಸಲ ಅದು ಅಜೆಂಡಾದ ಮೂರನೇ ಬಾಬ್ತು.